ನೇಪಾಳಕ್ಕೆ ಹೊರಟವರು ರೇಟು ನೋಡಬೇಡಿ, ನೋಟು ನೋಡಿ

ಪ್ರಶ್ನೆ: ಸರ್, ನಾವು ವಿಜಯಪುರದವರು. ದಸರಾ ರಜೆಗೆ ಮನೆಮಂದಿ 9 ಜನ ಕಾಶಿ ಮುಗಿಸಿಕೊಂಡು ಗೋರಖಪುರದ ಮೇಲೆ ಸುನೌಲಿ ಗಡಿ ದಾಟಿ ಲುಂಬಿನಿ, ಪೋಖರಾ, ಮುಕ್ತಿನಾಥ, ಕಾಠ್ಮಂಡು ನೋಡಿ ಬರಬೇಕು ಅಂತ ಮಾಡಿದ್ದೇವೆ. ಟೂರಿನವರ ಜೊತೆ ಅಲ್ಲ, ಕಾಶಿಯಿಂದ ನಾವೇ ಗಾಡಿ ಮಾಡಿಕೊಂಡು ಹೋಗ್ತೀವಿ. ರೊಕ್ಕದ ವಿಷಯಕ್ಕೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮ್ಮ ಮೈದುನ ಬೆಳಗಾವಿಯಲ್ಲಿ ಡಾಲರ್ ತಗೊಂಡು ಹೋಗೋಣ, ಅದೇ ಲಾಭ ಅಂತಾನೆ. ಹೋಗಿ ಬಂದವರೊಬ್ಬರು 500ರ ನೋಟು ಇದ್ದರೆ ಪೊಲೀಸರು ಹಿಡೀತಾರೆ ಅಂದರು. ಮಗ ಗೋವಾದಲ್ಲಿ ನೇಪಾಳಿ ರೂಪಾಯಿ ಸಿಗುತ್ತೆ, ಇಲ್ಲಾಂದ್ರೆ ಎಲ್ಲಾ ಕಡೆ ಫೋನ್‌ಪೇ ನಡೆಯುತ್ತೆ ಅಂತಾನೆ. ಅತ್ತೆಯವರು ತಮ್ಮ ರೊಕ್ಕ ತಮ್ಮ ಸಂಚಿಯಲ್ಲೇ ಇರಬೇಕು ಅಂತ ಹಟ. ಎಷ್ಟು ಒಯ್ಯಬೇಕು, ಎಲ್ಲಿ ಬದಲಿಸಬೇಕು, ಉಳಿದದ್ದನ್ನ ಏನು ಮಾಡಬೇಕು? ಮುಂದಿನ ವರ್ಷ ಭೂತಾನ್ ಇಲ್ಲಾ ಶ್ರೀಲಂಕಾ ಅಂತ ಮಾತಿದೆ, ಅಲ್ಲಿಗೂ ಇದೇ ಲೆಕ್ಕಾನಾ?

ಉತ್ತರ: ಅಕ್ಕಾವ್ರೆ, ನಿಮಗೆ ಸಲಹೆ ಕೊಟ್ಟವರು ಯಾರೂ ಪೂರ್ತಿ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದ ಮಾತು, ಒಂದೊಂದು ದೇಶದ ಮಾತು ಹೇಳಿದ್ದಾರೆ. ಎಲ್ಲವೂ ಕಲಸಿಕೊಂಡು ನಿಮ್ಮ ತಲೆಗೆ ಬಂದಿದೆ, ಅಷ್ಟೇ. ನಾನು ಬೆಳಗಾವಿಯಲ್ಲಿ ವಿದೇಶಿ ಹಣ ವಿನಿಮಯದ ಕೆಲಸ ಮಾಡುವವನು. ರಜೆ ಹತ್ತಿರ ಬಂದಾಗ ನಮ್ಮ ಕೌಂಟರ್‌ಗೆ ಬರುವ ಹೆಚ್ಚಿನವರ ಮೊದಲ ಮಾತು "ಇವತ್ತು ರೇಟು ಎಷ್ಟು?" ಅಂತಲೇ ಇರುತ್ತದೆ. ನೇಪಾಳದ ಮಟ್ಟಿಗೆ ಆ ಪ್ರಶ್ನೆ ಬೇಕಾಗಿಯೇ ಇಲ್ಲ.

ಯಾಕೆಂದರೆ ಅಲ್ಲಿ ರೇಟು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಅಂತ ಕಟ್ಟಿಟ್ಟಿದ್ದಾರೆ. ಅವರ ಕೇಂದ್ರ ಬ್ಯಾಂಕ್ ಆದ ನೇಪಾಳ ರಾಷ್ಟ್ರ ಬ್ಯಾಂಕ್ ನಮ್ಮ 100 ರೂಪಾಯಿಯನ್ನು 160ಕ್ಕೆ ಕೊಳ್ಳುತ್ತದೆ, 160 ರೂಪಾಯಿ 15 ಪೈಸೆಗೆ ಮಾರುತ್ತದೆ. ಡಾಲರ್ ಎಷ್ಟೇ ಕುಣಿಯಲಿ, ಈ ಲೆಕ್ಕ ಅಲ್ಲಾಡುವುದಿಲ್ಲ. ಹಾಗಾಗಿ ಇವತ್ತು ಬದಲಿಸಲೋ ನಾಳೆ ಬದಲಿಸಲೋ ಅನ್ನುವ ಚಿಂತೆ ಬಿಟ್ಟುಬಿಡಿ. ನೇಪಾಳದಲ್ಲಿ ನಮ್ಮವರು ಕಳೆದುಕೊಳ್ಳುವುದು ರೇಟಿನಲ್ಲಿ ಅಲ್ಲ. ತಪ್ಪು ನೋಟು ಒಯ್ದು, ಬೆಲೆ ಯಾವ ರೂಪಾಯಿಯಲ್ಲಿ ಹೇಳಿದರು ಅಂತ ಕೇಳದೆ ಕೊಟ್ಟು, ಕೊನೆಗೆ ಕೈಯಲ್ಲಿ ಅಲ್ಲಿಯ ರೊಕ್ಕ ಉಳಿಸಿಕೊಂಡು ಬಂದು ಕಳೆದುಕೊಳ್ಳುತ್ತಾರೆ.

ಮೊದಲು ನಿಮ್ಮ ಮೈದುನನ ಡಾಲರ್ ವಿಷಯ ಮುಗಿಸೋಣ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ಹಣ ಕೊಡುವ ಹಾಗೇ ಇಲ್ಲ. ಇದು ವಿದೇಶಿ ವಿನಿಮಯ ಕಾಯ್ದೆಯ, ಅಂದರೆ ಫೆಮಾದ ನಿಯಮ. ಬ್ಯಾಂಕೇ ಇರಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ನಮ್ಮಂಥವರೇ ಇರಲಿ, "ಕಾಠ್ಮಂಡುಗೆ ಹೋಗ್ತೀವಿ, ಡಾಲರ್ ಕೊಡಿ" ಅಂದರೆ ಇಲ್ಲ ಅನ್ನಲೇಬೇಕು. ಯಾರಾದರೂ ಚೀಟಿ ಇಲ್ಲದೆ ಕೈಗೆ ಕೈ ಕೊಡುತ್ತೇನೆ ಅಂದರೆ ಅದು ಕಳ್ಳ ವ್ಯವಹಾರ, ಅತ್ತ ಹಾಯಲೇಬೇಡಿ. ಒಂದು ವೇಳೆ ಸಿಕ್ಕರೂ ಲಾಭ ಎಲ್ಲಿಂದ ಬರಬೇಕು ಹೇಳಿ? ರೂಪಾಯಿ ಕೊಟ್ಟು ಡಾಲರ್ ತಗೊಳ್ಳುವಾಗ ಒಂದು ಸಲ ಕಮಿಷನ್, ಡಾಲರ್ ಕೊಟ್ಟು ನೇಪಾಳಿ ತಗೊಳ್ಳುವಾಗ ಇನ್ನೊಂದು ಸಲ. ನೇರ ದಾರಿ ಇರುವಾಗ ಸುತ್ತಿಕೊಂಡು ಹೋಗಿ ಎರಡು ಕಡೆ ಟೋಲ್ ಕಟ್ಟಿದ ಹಾಗೆ ಆಗುತ್ತದೆ.

ಗೋವಾದ ಮಾತು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಅಲ್ಲಿ ಬೀಚಿನ ಊರುಗಳಲ್ಲಿ ಹೆಜ್ಜೆಗೊಂದು ಮನಿ ಚೇಂಜರ್ ಬೋರ್ಡು ಇರುತ್ತದೆ. ಅವರ ವ್ಯಾಪಾರ ಡಾಲರ್, ಯುರೋ, ಪೌಂಡಿನದು. ನೇಪಾಳಿ ರೂಪಾಯಿಗಾಗಿ ಗೋವಾಕ್ಕೆ ಹೋಗಬೇಡಿ, ಬೆಳಗಾವಿಗೂ ಬರಬೇಡಿ. ಅದು ಬದಲಾಗುವ ಜಾಗ ಗಡಿಯೇ.

ಈಗ ಮುಖ್ಯ ವಿಷಯ, 500ರ ನೋಟು. ಈ ಭಯಕ್ಕೆ ಗಟ್ಟಿ ಕಾರಣ ಇದೆ. 2016ರ ನವೆಂಬರ್ 8ರ ರಾತ್ರಿ ನಮ್ಮಲ್ಲಿ ನೋಟು ರದ್ದಾಯಿತಲ್ಲ, ಆಗ ನೇಪಾಳದ ಬ್ಯಾಂಕುಗಳಲ್ಲೂ ಜನರ ಮನೆಯಲ್ಲೂ ನಮ್ಮ ಹಳೆಯ 500, 1000ದ ನೋಟು ಸಾಕಷ್ಟು ಇದ್ದವು. ಅಲ್ಲಿಯ ಕೂಲಿಯವರು, ಸಣ್ಣ ವ್ಯಾಪಾರಿಗಳು ನಮ್ಮ ನೋಟನ್ನು ಉಳಿತಾಯ ಅಂತ ಇಟ್ಟುಕೊಂಡಿದ್ದರು. ನಾವು ಬ್ಯಾಂಕಿನ ಮುಂದೆ ಸಾಲು ನಿಂತು ಬದಲಿಸಿಕೊಂಡೆವು, ಅವರಿಗೆ ಆ ಸಾಲೂ ಇರಲಿಲ್ಲ. ಆ ಪೆಟ್ಟು ತಿಂದವರು ಇವತ್ತಿಗೂ ನಮ್ಮ ದೊಡ್ಡ ನೋಟು ಕಂಡರೆ ಹಿಂದೆ ಸರಿಯುತ್ತಾರೆ. ಅವರನ್ನು ತಪ್ಪು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಮುಂದೆ 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನಮ್ಮ 100ಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿತು. ನಿಮಗೆ "ಪೊಲೀಸರು ಹಿಡೀತಾರೆ" ಅಂದವರು ಆ ಕಾಲದಲ್ಲಿ ಹೋಗಿ ಬಂದಿರಬೇಕು. 2025ರ ಕೊನೆಗೆ ನೇಪಾಳ ಈ ನಿಯಮ ಸಡಿಲಿಸುವ ತೀರ್ಮಾನ ಮಾಡಿತು.

ನಮ್ಮ ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. 100 ರೂಪಾಯಿ ಮತ್ತು ಅದಕ್ಕಿಂತ ಸಣ್ಣ ನೋಟನ್ನು ನೇಪಾಳ, ಭೂತಾನಕ್ಕೆ ಎಷ್ಟು ಬೇಕಾದರೂ ಒಯ್ಯಬಹುದು. 200, 500ರ ನೋಟುಗಳೆಲ್ಲ ಸೇರಿ ಒಬ್ಬರಿಗೆ 25,000 ಮೀರಬಾರದು. ಒಬ್ಬರಿಗೆ ಅಂದರೆ ಒಬ್ಬರಿಗೇ. 9 ಜನರ 500ರ ನೋಟನ್ನೆಲ್ಲ ಯಜಮಾನರ ಒಂದೇ ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ತಪಾಸಣೆಯಲ್ಲಿ ಅದು ಅವರೊಬ್ಬರ ರೊಕ್ಕ ಅಂತಲೇ ಕಾಣುತ್ತದೆ. ಹಂಚಿಕೊಂಡು ಇಟ್ಟುಕೊಳ್ಳಿ. ದೊಡ್ಡ ಮೊತ್ತ ಇದ್ದರೆ ಬ್ಯಾಂಕಿನಿಂದ ತೆಗೆದ ಚೀಟಿಯೂ ಜೊತೆಗಿರಲಿ, ಕಸ್ಟಮ್ಸ್‌ನವರು ಕೇಳಿದರೆ ಮುಚ್ಚಿಡದೆ ಹೇಳಿ.

ಆದರೆ ಕಾನೂನು ಒಪ್ಪಿತು ಅಂದ ಮಾತ್ರಕ್ಕೆ ಅಂಗಡಿಯವನು ಒಪ್ಪಬೇಕು ಅಂತಿಲ್ಲ, ಅಲ್ವಾ? ಅದಕ್ಕೇ ನನ್ನ ಮಾತು ಕೇಳುವುದಾದರೆ ನಗದಿನ ಬಹುಪಾಲು 100ರ ನೋಟಿನಲ್ಲೇ ಇರಲಿ. ಒಂದು ಪೆಂಡಿ ಅಂದರೆ 100 ನೋಟು, 10,000 ರೂಪಾಯಿ. ಒಂದು ಲಕ್ಷಕ್ಕೆ 10 ಪೆಂಡಿ. 9 ಜನರಿಗೆ ಅದು ಭಾರವಲ್ಲ. ಹೊರಡುವ ದಿನ ಬ್ಯಾಂಕಿಗೆ ಹೋಗಿ ಕೇಳಿದರೆ ಸಿಗುವುದು ಕಷ್ಟ. ನಿಮ್ಮ ಶಾಖೆಯಲ್ಲಿ ಒಂದು ವಾರ ಮೊದಲೇ ಕ್ಯಾಷಿಯರ್‌ಗೆ ಹೇಳಿಟ್ಟರೆ ತರಿಸಿಕೊಡುತ್ತಾರೆ. ಮನೆಗೆ ತಂದ ಮೇಲೆ ಒಂದು ಸಲ ಕೂತು ಎಣಿಸಿ. ಹರಿದದ್ದು, ಪೆನ್ನಿನಲ್ಲಿ ಬರೆದದ್ದು, ಅಂಟಿಸಿದ್ದು ಇದ್ದರೆ ಬೇರೆ ತೆಗೆದು ಇಲ್ಲೇ ಖರ್ಚು ಮಾಡಿ. ಗಡಿ ಆಚೆ ಅಂಥ ನೋಟು ಯಾರೂ ಮುಟ್ಟುವುದಿಲ್ಲ.

ಅತ್ತೆಯವರ ಸಂಚಿ ಅವರ ಹತ್ತಿರವೇ ಇರಲಿ ಬಿಡಿ. ಅದರೊಳಗಿನ 500ರ ನೋಟು ತೆಗೆದು 100, 50, 20, 10 ತುಂಬಿಕೊಡಿ. ಗುಡಿಯಲ್ಲಿ ಕಾಣಿಕೆ ಹಾಕಲು ಅವರಿಗೆ ಬೇಕಾಗುವುದೂ ಅದೇ.

ಇನ್ನು ಸುನೌಲಿ. ಗಡಿಯ ಈ ಕಡೆ ಸುನೌಲಿ, ಆ ಕಡೆ ಬೆಲಹಿಯಾ, ಸ್ವಲ್ಪ ಮುಂದೆ ಭೈರಹವಾ. ಗಾಡಿ ನಿಂತ ಕೂಡಲೇ ಕೈಯಲ್ಲಿ ನೋಟಿನ ಕಟ್ಟು ಹಿಡಿದವರು ಕಿಟಕಿಗೆ ಬರುತ್ತಾರೆ. ಅವರ ಹತ್ತಿರ ಬದಲಿಸಬೇಡಿ. ಇಳಿದು ಬೋರ್ಡು ಇರುವ ಅಂಗಡಿಗೋ ಬ್ಯಾಂಕಿಗೋ ಹೋಗಿ. ಗಾಡಿ ಭಾರತದ್ದಾದರೆ ಅಲ್ಲೇ ಭನ್ಸಾರ್ ಕಟ್ಟಬೇಕು, ಅಂದರೆ ಅವರ ಕಸ್ಟಮ್ಸ್‌ನವರ ದಿನದ ಲೆಕ್ಕದ ಶುಲ್ಕ. ಆ ಶುಲ್ಕಕ್ಕೂ, ಗಡಿ ದಾಟಿದ ಮೇಲಿನ ಮೊದಲ ಎರಡು ದಿನದ ಊಟ, ಚಹಾ, ಡೀಸೆಲ್‌ಗೂ ಆಗುವಷ್ಟು ಬದಲಿಸಿಕೊಂಡರೆ ಸಾಕು. 100ಕ್ಕೆ 160 ಸಿಕ್ಕರೆ ಸರಿ. 158 ಅಂದರೆ 10,000ಕ್ಕೆ ನಿಮಗೆ ನಮ್ಮ ಲೆಕ್ಕದಲ್ಲಿ 125 ರೂಪಾಯಿ ಕಡಿಮೆ ಬಂತು. ಅವಸರ ಇದ್ದರೆ ಅದನ್ನು ಸಹಿಸಬಹುದು. ಆದರೆ "150 ಕೊಡ್ತೀನಿ, ಲೆಕ್ಕ ಸುಲಭ" ಅನ್ನುವವನ ಮುಂದೆ ನಿಲ್ಲಬೇಡಿ. 10,000ಕ್ಕೆ 625 ರೂಪಾಯಿ ಹೋಯಿತು ಅಂತಲೇ ಅರ್ಥ. ಕೊಟ್ಟ ನೋಟನ್ನು ಅಲ್ಲೇ ನಿಂತು ಎಣಿಸಿ. ಎಣಿಸುವಾಗ ಯಾರಾದರೂ ಮಾತಿಗೆ ಎಳೆದರೆ ಮೊದಲಿಂದ ಎಣಿಸಿ.

ಅಲ್ಲಿಂದ ಮುಂದೆ ನೀವು ಕಲಿಯಬೇಕಾದ ಎರಡು ಮಾತಿವೆ: ಐಸಿ, ಎನ್‌ಸಿ. ಐಸಿ ಅಂದರೆ ಇಂಡಿಯನ್ ಕರೆನ್ಸಿ, ಎನ್‌ಸಿ ಅಂದರೆ ನೇಪಾಳಿ ಕರೆನ್ಸಿ. ನೇಪಾಳದ ಉದ್ದಗಲಕ್ಕೂ ವ್ಯಾಪಾರದ ಮಾತು ಇದೇ. ಪಶುಪತಿನಾಥ ಗುಡಿಯ ಹತ್ತಿರ ರುದ್ರಾಕ್ಷಿ ಅಂಗಡಿಗೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ನಮ್ಮ ಕಡೆಯವರು ಅಲ್ಲಿಗೆ ಹೋಗದೆ ಬರುವುದಿಲ್ಲ. ಅವನು ಮಾಲೆ ತೋರಿಸಿ ಹಿಂದಿಯಲ್ಲಿ 3,200 ಅನ್ನುತ್ತಾನೆ. ನೀವು ಚೌಕಾಸಿ ಮಾಡಿ 2,400ಕ್ಕೆ ಇಳಿಸಿ, ಗೆದ್ದೆವು ಅಂದುಕೊಂಡು 100ರ 24 ನೋಟು ಎಣಿಸಿ ಕೊಡುತ್ತೀರಿ. ಅವನು ಹೇಳಿದ್ದು ಎನ್‌ಸಿ ಆಗಿದ್ದರೆ 3,200 ಅಂದರೆ ನಮ್ಮ 2,000 ಮಾತ್ರ. ನೀವು ಚೌಕಾಸಿ ಮಾಡಿದ ಮೇಲೂ 400 ಜಾಸ್ತಿ ಕೊಟ್ಟಿರಿ. 2,400 ಎನ್‌ಸಿಗೆ ಇಳಿದಿದ್ದ ಮಾಲೆಗೆ ನಿಜವಾಗಿ ಕೊಡಬೇಕಾಗಿದ್ದದ್ದು 1,500. ಅವನು ಸುಳ್ಳು ಹೇಳಿಲ್ಲ, ನೀವು ಕೇಳಲಿಲ್ಲ. ನಮ್ಮ ಗಿರಾಕಿಗಳು ವಾಪಸ್ ಬಂದು ಹೇಳುವ ನಷ್ಟದ ಕಥೆಗಳಲ್ಲಿ ಇದೇ ಜಾಸ್ತಿ. ಟ್ಯಾಕ್ಸಿ, ಹೋಟೆಲ್ ರೂಮು, ಕುದುರೆ, ಶಾಲು, ಏನೇ ಇರಲಿ, ಬೆಲೆ ಕೇಳಿದ ಕೂಡಲೇ "ಐಸಿ ಯಾ ಎನ್‌ಸಿ?" ಅಂತ ಕೇಳಿ. ಬಿಲ್ಲಿನ ಮೇಲೂ ಬರೆಸಿಕೊಳ್ಳಿ.

ಲೆಕ್ಕ ಬಾಯಲ್ಲೇ ಮಾಡುವ ಸುಲಭ ದಾರಿ ಇದೆ. ಎನ್‌ಸಿಯ ಅರ್ಧ ಮಾಡಿ, ಆ ಅರ್ಧದ ಕಾಲು ಭಾಗ ಅದಕ್ಕೆ ಸೇರಿಸಿ. 1,000ಕ್ಕೆ 500, ಅದರ ಕಾಲು 125, ಒಟ್ಟು 625. 800ಕ್ಕೆ 400, ಅದರ ಕಾಲು 100, ಒಟ್ಟು 500. ಮಕ್ಕಳಿಗೆ ಕಲಿಸಿಬಿಡಿ, ಅವರು ನಿಮಗಿಂತ ಬೇಗ ಹೇಳುತ್ತಾರೆ. ಆನೆ ಚಿತ್ರ ಇರುವುದು ಅವರ 1,000ದ ನೋಟು, ನಮ್ಮ 625. ಹುಲಿ ಇರುವುದು 500, ನಮ್ಮ 312 ರೂಪಾಯಿ 50 ಪೈಸೆ. ಘೇಂಡಾಮೃಗ ಇರುವುದು 100. ಇನ್ನೊಂದು ಎಚ್ಚರ: ನೀವು ಐಸಿ ಕೊಟ್ಟರೂ ಚಿಲ್ಲರೆ ಎನ್‌ಸಿಯಲ್ಲೇ ಬರುತ್ತದೆ. ಕೈಗೆ ಬಂದ ನೋಟು ಜಾಸ್ತಿ ಕಂಡಿತು ಅಂತ ಸುಮ್ನೆ ಜೇಬಿಗೆ ಹಾಕಬೇಡಿ. ನಮ್ಮ ನೋಟನ್ನೂ ಅವರ ನೋಟನ್ನೂ ಬೇರೆ ಬೇರೆ ಪರ್ಸಿನಲ್ಲಿ ಇಡಿ.

ಮಗ ಹೇಳಿದ ಫೋನ್‌ಪೇ ವಿಷಯ ಅರ್ಧ ನಿಜ. 2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಅಲ್ಲಿಯ ಫೋನ್‌ಪೇ ಕ್ಯೂಆರ್ ಮೇಲೆ ಸ್ಕ್ಯಾನ್ ಮಾಡಬೇಕು. ಹೆಸರು ಒಂದೇ ಥರ ಕೇಳಿಸಿದರೂ ಅದು ನೇಪಾಳದ ಬೇರೆಯೇ ಕಂಪನಿ, ನಮ್ಮ ಫೋನ್‌ಪೇ ಅಲ್ಲ. ಹೊರಡುವ ಮೊದಲು ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅನ್ನುವುದನ್ನು ಆನ್ ಮಾಡಿಕೊಳ್ಳಬೇಕು. ಅಂಗಡಿಗೆ ಕೊಡಬಹುದು, ಗಾಡಿ ಡ್ರೈವರ್‌ನ ಸ್ವಂತ ನಂಬರ್‌ಗೆ ಹಾಕಲು ಆಗುವುದಿಲ್ಲ. ಮುಖ್ಯವಾಗಿ, ಫೋನಿನಿಂದ ನಮ್ಮ ಸಿಮ್ ತೆಗೆದು ನೇಪಾಳಿ ಸಿಮ್ ಹಾಕಿದರೆ ಆ್ಯಪ್ ಮತ್ತೆ ನಂಬರ್ ಪರೀಕ್ಷೆ ಕೇಳಿ ನಿಂತುಬಿಡಬಹುದು. ಒಂದು ಫೋನಿನಲ್ಲಾದರೂ ನಮ್ಮ ಸಿಮ್ ರೋಮಿಂಗ್ ಪ್ಯಾಕಿನ ಜೊತೆ ಹಾಗೇ ಇರಲಿ, ಬ್ಯಾಂಕಿನ ಒಟಿಪಿ ಬರುವುದಕ್ಕೂ ಅದು ಬೇಕು. ಕಾಠ್ಮಂಡು, ಪೋಖರಾದಲ್ಲಿ ಇದು ಚೆನ್ನಾಗಿ ಕೈಹಿಡಿಯುತ್ತದೆ. ಜೋಮ್‌ಸೋಮ್ ದಾಟಿ ಮುಕ್ತಿನಾಥದ ದಾರಿಯಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ. ಅಲ್ಲಿ ಜೀಪಿಗೂ ಕುದುರೆಗೂ ಪೂಜೆಗೂ ನಗದು ಬೇಕು. ಪೋಖರಾ ಬಿಡುವ ಮೊದಲೇ ಸಣ್ಣ ಎನ್‌ಸಿ ನೋಟು ಮಾಡಿಸಿಕೊಳ್ಳಿ.

ಎಟಿಎಂ ಕಾರ್ಡು ಆಪತ್ತಿಗೆ ಇರಲಿ. 2020ರಿಂದ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತವೆ, ಹೊರಗೆ ಬಳಸಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಪ್ರತಿ ಸಲ ತೆಗೆದಾಗ ಶುಲ್ಕ ಬೀಳುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ಬೇಕಾದಷ್ಟು ತೆಗೆಯಿರಿ.

ನೀವು ಹೋಗುವುದು ದಸರಾ ರಜೆಗೆ ಅಂದಿರಿ. ಇದನ್ನು ಯಾರೂ ನಿಮಗೆ ಹೇಳಿಲ್ಲ ಅಂತ ಕಾಣುತ್ತದೆ. ನಮ್ಮ ನವರಾತ್ರಿಯ ಹೊತ್ತಿಗೇ ಅವರ ದಶೈಂ. ನೇಪಾಳದಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಬ್ಯಾಂಕು, ಕಚೇರಿ ಸಾಲಾಗಿ ಕೆಲವು ದಿನ ಮುಚ್ಚುತ್ತವೆ. ಕಾಠ್ಮಂಡುವಿನ ಜನ ತಮ್ಮ ತಮ್ಮ ಹಳ್ಳಿಗೆ ಹೋಗುವುದರಿಂದ ಅಂಗಡಿಗಳೂ ಎಷ್ಟೋ ಮುಚ್ಚಿರುತ್ತವೆ. ಹಬ್ಬದ ಖರ್ಚಿಗೆ ಎಲ್ಲರೂ ಹಣ ತೆಗೆಯುವುದರಿಂದ ಎಟಿಎಂ ಖಾಲಿಯಾಗುವುದೂ ಉಂಟು. ಆ ದಿನಗಳಲ್ಲಿ "ಬೇಕಾದಾಗ ಬ್ಯಾಂಕಿನಲ್ಲಿ ಬದಲಿಸೋಣ" ಅನ್ನುವ ಲೆಕ್ಕ ಕೈಕೊಡುತ್ತದೆ. ಹಾಗಾಗಿ ಬೇರೆಯವರಿಗೆ ಹೇಳುವುದಕ್ಕಿಂತ ನಿಮಗೆ ಸ್ವಲ್ಪ ಜಾಸ್ತಿ ನಗದು ಇಟ್ಟುಕೊಳ್ಳಿ ಅಂತ ಹೇಳುತ್ತೇನೆ, ಅದರಲ್ಲೂ 100ರ ನೋಟು. ಆಗುವುದಾದರೆ ದಶೈಂನ ಮುಖ್ಯ ದಿನಗಳು ಯಾವಾಗ ಬೀಳುತ್ತವೆ ಅಂತ ನೋಡಿ, ಗಡಿ ದಾಟುವ ದಿನ ಅದಕ್ಕೆ ಹೊಂದಿಸಿಕೊಳ್ಳಿ.

ಹಾಗಂತ ಎಲ್ಲವನ್ನೂ ಎನ್‌ಸಿ ಮಾಡಿಸಿಕೊಳ್ಳಬೇಡಿ. ಒಯ್ದದ್ದರಲ್ಲಿ ಮೂರರಲ್ಲಿ ಒಂದು ಪಾಲು ಎನ್‌ಸಿ ಆದರೆ ಸಾಕು, ಉಳಿದದ್ದು ಐಸಿಯಾಗೇ ಇರಲಿ, ಬೇಕಾದಂತೆ ಬದಲಿಸುತ್ತಾ ಹೋಗಿ. ಯಾಕೆ ಅಂದರೆ ಐಸಿ ಕೊಟ್ಟು ಎನ್‌ಸಿ ತಗೊಳ್ಳುವಷ್ಟು ಸುಲಭ ಅಲ್ಲ, ಎನ್‌ಸಿ ಕೊಟ್ಟು ಐಸಿ ತಗೊಳ್ಳುವುದು. ನೇಪಾಳ ತನಗೆ ಬೇಕಾದ್ದರಲ್ಲಿ ಬಹುಪಾಲು ಭಾರತದಿಂದಲೇ ತರಿಸುತ್ತದೆ. ಪೆಟ್ರೋಲು, ಡೀಸೆಲ್ಲು ಎಲ್ಲವೂ ನಮ್ಮಿಂದಲೇ ಹೋಗಬೇಕು. ಅದಕ್ಕೆ ಕೊಡಲು ಅವರಿಗೆ ಯಾವಾಗಲೂ ನಮ್ಮ ರೂಪಾಯಿ ಬೇಕು. ಸಾಲದೆ ಬಂದಾಗ ಅವರ ಕೇಂದ್ರ ಬ್ಯಾಂಕು ಡಾಲರ್ ಮಾರಿ ನಮ್ಮ ರೂಪಾಯಿ ಕೊಳ್ಳುತ್ತದೆ. ರೇಟು 160 ಅಂತ ಕಟ್ಟಿಟ್ಟರೂ ಐಸಿಗೆ ಇರುವ ಬೇಡಿಕೆ ಕಟ್ಟಿಡಲು ಆಗುವುದಿಲ್ಲವಲ್ಲ. ಅದಕ್ಕೇ ವಾಪಸ್ ಬರುವಾಗ ಗಡಿಯ ಅಂಗಡಿಯವನು ನಿಮಗೆ 100 ಐಸಿ ಕೊಡಲು 160ಕ್ಕಿಂತ ಜಾಸ್ತಿ ಎನ್‌ಸಿ ಕೇಳುತ್ತಾನೆ. ಗಡಿ ದಾಟಿ ಗೋರಖಪುರ ಬಿಟ್ಟರೆ ಆ ನೋಟಿಗೆ ಗಿರಾಕಿಯೇ ಇಲ್ಲ. ನಾಣ್ಯವನ್ನು ಗಡಿಯಲ್ಲೂ ತಗೊಳ್ಳುವುದಿಲ್ಲ. ಕೊನೆಯ ದಿನದ ಹೋಟೆಲ್ ಬಿಲ್ಲು, ಡೀಸೆಲ್ಲು ಇವನ್ನು ಇರುವ ಎನ್‌ಸಿಯಲ್ಲೇ ಕೊಟ್ಟು, ಕಡಿಮೆ ಬಿದ್ದಷ್ಟಕ್ಕೆ ಐಸಿ ಸೇರಿಸಿ. ಉಳಿಸಿಕೊಂಡು ಬಂದು ನಮ್ಮ ಹತ್ತಿರ ಕೇಳಿದರೆ ನಾವು ತಗೊಳ್ಳಲು ಆಗುವುದಿಲ್ಲ.

ಭೂತಾನ್ ಇನ್ನೂ ಸುಲಭ. ಅವರ ನಾಣ್ಯ ಙುಲ್ಟ್ರಮ್, ನಮ್ಮ ರೂಪಾಯಿಗೆ ಸರಿಸಮ. 100ಕ್ಕೆ 100. ನಮ್ಮ ನೋಟು ಅಲ್ಲಿ ನಡೆಯುತ್ತದೆ, 200, 500ರ ನೋಟಿಗೆ ಅದೇ 25,000ದ ಮಿತಿ. 2021ರಿಂದ ಅಲ್ಲೂ ಯುಪಿಐ ಇದೆ. ಆದರೆ ಚಿಲ್ಲರೆ ಙುಲ್ಟ್ರಮ್‌ನಲ್ಲೇ ಬರುತ್ತದೆ. ಅದು ಗಡಿಯ ಜೈಗಾಂವ್‌ನಲ್ಲಿ ನಡೆದೀತು, ಅದರಾಚೆ ನಡೆಯುವುದಿಲ್ಲ. ಗಡಿಯ ಆ ಕಡೆಯ ಭೂತಾನದ ಊರು ಫುಂಟ್‌ಶೋಲಿಂಗ್ ಬಿಡುವ ಮೊದಲೇ ಮುಗಿಸಿಬಿಡಿ. ಅಲ್ಲಿ ನೋಟಿಗಿಂತ ದೊಡ್ಡ ಲೆಕ್ಕ ಬೇರೆ: ಭಾರತದವರು ತಲೆಗೆ ಒಂದು ರಾತ್ರಿಗೆ 1,200 ಙುಲ್ಟ್ರಮ್ ಸರ್ಕಾರಿ ಶುಲ್ಕ ಕಟ್ಟಬೇಕು. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. 9 ಜನ, ಐದಾರು ರಾತ್ರಿ ಅಂದರೆ ಎಷ್ಟಾಯಿತು ನೋಡಿ, ಅದನ್ನು ಮೊದಲೇ ಬಜೆಟ್‌ನಲ್ಲಿ ಹಿಡಿಯಿರಿ.

ಶ್ರೀಲಂಕಾಕ್ಕೆ ಹೋಗುವುದಾದರೆ ಇಲ್ಲಿಯವರೆಗೆ ಹೇಳಿದ್ದನ್ನು ಮರೆತುಬಿಡಿ. ಅಲ್ಲಿ ನಿಮ್ಮ ಮೈದುನನ ಮಾತೇ ಸರಿ. ಅವರ ರೂಪಾಯಿ ನಮ್ಮ ಜೊತೆ ಕಟ್ಟಿಕೊಂಡಿಲ್ಲ, ಮಾರುಕಟ್ಟೆಯಲ್ಲಿ ಏರಿಳಿಯುತ್ತದೆ. 2022ರ ಬಿಕ್ಕಟ್ಟಿನಲ್ಲಿ ಡಾಲರಿಗೆ 200ರಷ್ಟಿದ್ದದ್ದು ಕೆಲವೇ ವಾರಗಳಲ್ಲಿ 350 ದಾಟಿತ್ತು. ನಮ್ಮ ರೂಪಾಯಿ ನೋಟನ್ನು ಒಬ್ಬರು 25,000ದವರೆಗೆ ಒಯ್ಯಬಹುದು, ಆದರೆ ಅಲ್ಲಿ ಡಾಲರಿಗೆ ಸಿಗುವಂಥ ಬೆಲೆ ಅದಕ್ಕೆ ಸಿಗುವುದಿಲ್ಲ. ಇಲ್ಲಿ ಡಾಲರ್ ತಗೊಂಡು, ಕೊಲಂಬೊ ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರ್‌ನಲ್ಲಿ ಬದಲಿಸುವುದು ಒಳ್ಳೆಯದು. ಚೀಟಿ ಜೋಪಾನ, ಉಳಿದದ್ದನ್ನು ವಾಪಸ್ ಡಾಲರ್ ಮಾಡಿಸಲು ಬೇಕು. 2024ರ ಫೆಬ್ರುವರಿಯಿಂದ ಅಲ್ಲೂ ಯುಪಿಐ ಬಂದಿದೆ. ಕಾರ್ಡು ಉಜ್ಜುವಾಗ ಮಷಿನ್ "ಭಾರತದ ರೂಪಾಯಿಯಲ್ಲಿ ಕೊಡ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿಯ ರೂಪಾಯಿಯನ್ನೇ ಆರಿಸಿ. ಹೂಂ ಅಂದರೆ ಮಷಿನ್‌ನವರು ತಮಗೆ ಬೇಕಾದ ರೇಟು ಹಾಕುತ್ತಾರೆ.

ಡಾಲರ್ ತಗೊಳ್ಳಲು ಬರುವಾಗ ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ತನ್ನಿ. ಡಾಲರ್ ತಗೊಂಡ 60 ದಿನದ ಒಳಗೆ ನೀವು ಹೊರಡುವಂತಿರಬೇಕು. 50,000 ರೂಪಾಯಿ ಮತ್ತು ಮೇಲ್ಪಟ್ಟದ್ದಕ್ಕೆ ನಗದು ತಗೊಳ್ಳುವುದಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ನೋಟಿನ ರೂಪದಲ್ಲಿ ಒಬ್ಬರಿಗೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ, ಅದಕ್ಕಿಂತ ಜಾಸ್ತಿ ಬೇಕಾದರೆ ಕಾರ್ಡಿನಲ್ಲಿ. ಜಿಎಸ್‌ಟಿ ಕನಿಷ್ಠ 45 ರೂಪಾಯಿ ಬೀಳುತ್ತದೆ, ಅದು ಎಲ್ಲಿ ಹೋದರೂ ಒಂದೇ. ಬೇರೆ ಆಗುವುದು ರೇಟು. ನಾಲ್ಕು ಕಡೆ ಫೋನ್ ಮಾಡಿ, "ಎಲ್ಲಾ ಸೇರಿ 500 ಡಾಲರಿಗೆ ನಾನು ಕೊಡಬೇಕಾದ ಒಟ್ಟು ಎಷ್ಟು?" ಅಂತ ಒಂದೇ ಪ್ರಶ್ನೆ ಕೇಳಿ. ಉಳಿದ ಡಾಲರನ್ನು ಬಂದ 180 ದಿನದೊಳಗೆ ವಾಪಸ್ ಕೊಡಬೇಕು, 2,000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆ ಅಂತ ಮನೆಯಲ್ಲೇ ಇಟ್ಟುಕೊಳ್ಳಲೂ ಅಡ್ಡಿಯಿಲ್ಲ.